ಅಕ್ಕ ಸಿಕ್ಕಳೇ? ಹೇಳಬೇಡಿ!

ಒಲೆ ಹೊತ್ತಿದಲ್ಲಿ ಹೊಗೆ ಕರೆಯದೆ ಬರುವ ಹಾಗೆ, ನಾಲ್ಕು ಜನ ಹೆಂಗಸರು ಕೂತು ರೊಟ್ಟಿ ಬಡಿಯುವಲ್ಲಿ ನಗುವ ಪ್ರಸಂಗಗಳೂ ಕರೆಯದೆ ಬರುತ್ತವೆ. ಶಹಾಪುರದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಜೋಳದ ರೊಟ್ಟಿ ಅಂಗಡಿ ಇದೆ. ಸ್ವಂತದ್ದು, ಯಾರೂ ಹಾಕಿಕೊಟ್ಟದ್ದಲ್ಲ. ಓದೂ ಸ್ವಂತದ್ದೇ. ರೊಟ್ಟಿ ಕಟ್ಟಲು ತಂದ ಹಳೆಯ ಪತ್ರಿಕೆಗಳಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಕಲಿತೆ. ಆ ಹಾಳೆಗಳಲ್ಲಿ ಕಥೆಗಳು ಅರ್ಧ ಇರುತ್ತಿದ್ದವು. ಉಳಿದ ಅರ್ಧ ಯಾರದೋ ಮನೆಗೆ ರೊಟ್ಟಿಯ ಜೊತೆ ಹೋಗಿರುತ್ತಿತ್ತು. ಹೀಗಾಗಿ ಕಥೆಯ ಕೊನೆ ಎಂದರೆ ನನಗೆ ಮೊದಲಿನಿಂದಲೂ ಹಸಿವು ಜಾಸ್ತಿ.

ನನ್ನ ಎಡಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದವಳು ನನ್ನ ಗೆಳತಿ. ಅಂಗಡಿ ಶುರುವಾದ ದಿನದಿಂದ ಅವಳ ಜಾಗ ಅದೇ. ಎದುರಿಗೆ ಕೆಲಸದ ಹೆಂಗಸರು ಇನ್ನಿಬ್ಬರು. ಗೋಡೆಯ ಟಿವಿಗೆ ಆ ಕಾರ್ಟೂನ್ ಧಾರಾವಾಹಿ ಹಚ್ಚಿದವಳೂ ಅವಳೇ. ಹೊರದೇಶದ್ದು, ಕನ್ನಡ ಮಾತು ಹಾಕಿದ್ದರು, ದಿನಾ ಸಂಜೆ ನಾಲ್ಕಕ್ಕೆ ಬರುತ್ತಿತ್ತು. ಬಿರುಗಾಳಿ ಅಕ್ಕನನ್ನು ಹೊತ್ತೊಯ್ದಿದೆ. ತಂಗಿ ಒಂದು ಟಗರನ್ನು ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಅವಳನ್ನು ಹುಡುಕುತ್ತಾಳೆ. ಅಡ್ಡ ಬರುವವನು ಉಸುಕಿನ ರಾಜ. ಇಷ್ಟೇ ಕಥೆ.

ಮೊದಲ ದಿನ ನಾನು ಮೂಗು ಮುರಿದೆ. “ಸಣ್ಣ ಹುಡುಗರು ನೋಡೂದು ಅದು.”

“ಸಣ್ಣವರಿದ್ದಾಗ ನಾವು ಕಳೆ ಕೀಳಾಕ ಹೋಗ್ತಿದ್ವಿ,” ಅಂದಳು ಗೆಳತಿ. “ಆಗ ನೋಡಿಲ್ಲ, ಈಗ ನೋಡೂನು ಬಾರವಾ.”

ನಾನು ನೋಡಿದೆ. ನೋಡಿದ ಮೇಲೆ ಸುಮ್ಮನಿರುವ ಜಾತಿ ನಮ್ಮಿಬ್ಬರದೂ ಅಲ್ಲ.

ರಾಜನ ಭಾಷಣ

ಒಂದು ದಿನ ಉಸುಕಿನ ರಾಜ ತಂಗಿಯ ನೆತ್ತಿಯ ಮೇಲೆ ಕತ್ತಿ ಎತ್ತಿದ. ಎತ್ತಿದವನು ಇಳಿಸಲಿಲ್ಲ. ತಾನು ಯಾಕೆ ಕೆಟ್ಟವನಾದೆ, ತನ್ನಪ್ಪ ಏನಂದಿದ್ದ, ತನ್ನ ಉಸುಕು ಎಂಥದ್ದು ಎಂದು ಹೇಳುತ್ತಲೇ ಹೋದ. ಮರುದಿನವೂ ಕತ್ತಿ ಮೇಲೆಯೇ ಇತ್ತು. ಮೊದಲ ಅರ್ಧ ನಿನ್ನೆಯದನ್ನೇ ತೋರಿಸಿ, ಉಳಿದ ಅರ್ಧದಲ್ಲಿ ಅವನು ಮತ್ತೆ ಬಾಯಿ ತೆರೆದ.

“ಇವ ಕಡಿಯಾಕ ಬಂದಾನೋ, ಓಟ್ ಕೇಳಾಕ ಬಂದಾನೋ?” ಅಂದಳು ಗೆಳತಿ. ಹಂಚಿನ ಮೇಲಿದ್ದ ಅವಳ ರೊಟ್ಟಿ ಅಷ್ಟರಲ್ಲಿ ಕರಿದಾಗಿತ್ತು.

ಸುರಪುರ ಬಸ್ಸಿನ ಕಂಡಕ್ಟರ್ ಆಗ ಬಾಗಿಲಲ್ಲಿ ನಿಂತಿದ್ದ. ಸುರಪುರದ ಖಾನಾವಳಿಯೊಂದಕ್ಕೆ ನಮ್ಮ ರೊಟ್ಟಿ ಗಂಟು ಒಯ್ಯುವವನು ಅವನೇ. ವೇಳೆಯ ಮನುಷ್ಯ. ಅವನ ಪ್ರಕಾರ ಲೋಕದಲ್ಲಿ ಎಲ್ಲವೂ ತಡವಾಗಿಯೇ ನಡೆಯುತ್ತಿದೆ.

“ಯಕ್ಕಾ, ಕಥಿ ಅಂದ್ರ ಬಸ್ ಇದ್ದಂಗ,” ಅಂದ. “ಹತ್ತಬೇಕು, ಸೀಟಿ ಹೊಡೀಬೇಕು, ಹೋಗ್ತಿರಬೇಕು. ಇಂಥಾ ರಾಜ ನನ್ನ ಬಸ್ಸಿನ್ಯಾಗ ಹತ್ತಿದ್ರ ಹತ್ತಿಗೂಡೂರಿನ್ಯಾಗ ಇಳಿಸಿಬಿಡ್ತಿದ್ನಿ.”

“ಕಥಿ ಬಸ್ ಇದ್ದಂಗಲ್ಲೋ ತಮ್ಮಾ, ರೊಟ್ಟಿ ಇದ್ದಂಗ,” ಅಂದಳು ಗೆಳತಿ. “ಒಂದು ಮಗ್ಗಲಾ ಜಲ್ದಿ ಬೇಯಬೇಕು, ಇನ್ನೊಂದು ನಿಧಾನ. ಜಗಳ ಇದ್ರ ಜಲ್ದಿ ಮುಗಸ್ಬೇಕು. ಮಂದಿ ಕೂಡೂದು, ಅಗಲೂದು ಇದ್ರ ನಿಧಾನ ಮಾಡ್ಬೇಕು. ಇವರು ಉಲ್ಟಾ ಮಾಡಾಕತ್ತಾರ.”

ಅಕ್ಷರ ಕೂಡಿಬಂದ ಮೇಲೆ ಊರ ಗ್ರಂಥಾಲಯದಲ್ಲಿ ಎಷ್ಟೋ ಪುಸ್ತಕ ಓದಿದವಳು ನಾನು. ಇಷ್ಟು ಸರಿಯಾದ ಮಾತನ್ನು ಯಾವುದರಲ್ಲಿಯೂ ಕಂಡಿರಲಿಲ್ಲ. ಆದರೆ ಹಾಗೆಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ದಿನವಿಡೀ ಹಿಡಿಯಲಾಗುತ್ತಿರಲಿಲ್ಲ.

ಅತ್ತ ಬಸ್ಸಿನ ಹಾರ್ನ್ ಕೂಗುತ್ತಿತ್ತು. ಕಂಡಕ್ಟರನನ್ನು ಹುಡುಕಿಕೊಂಡು ಇಬ್ಬರು ಪ್ರಯಾಣಿಕರು ಬಂದರು, ಬಂದವರು ಟಿವಿ ನೋಡುತ್ತ ನಿಂತರು. ಅವರನ್ನು ಹುಡುಕಿಕೊಂಡು ಇನ್ನಷ್ಟು ಜನ ಬಂದರು. ಕೊನೆಗೆ ಡ್ರೈವರೇ ಬಂದು ಇಣುಕಿದ.

“ರಾಜ ಇನ್ನೂ ಮಾತಾಡಾಕತ್ತಾನೇನು?”

“ಹೌದ್ರಿ.”

“ಹಂಗಾರ ನಾ ಚಾ ಕುಡದು ಬರ್ತೀನಿ.”

ಟಗರು ಮೇಯುವುದು ಯಾವಾಗ?

ಗೋಗಿ ಕಡೆಯಿಂದ ಕುರಿ ಹೊಡೆದುಕೊಂಡು ಬರುವ ಅಜ್ಜನೊಬ್ಬ ಬುತ್ತಿಗೆ ರೊಟ್ಟಿ ಕಟ್ಟಿಸಲು ನಮ್ಮಲ್ಲಿಗೆ ಬರುತ್ತಾನೆ. ಕುರಿಗಳನ್ನು ರಸ್ತೆಯ ಆಚೆ ಮಗನ ಕೈಗೆ ಕೊಟ್ಟು, ತಾನು ಹೊಸ್ತಿಲ ಮೇಲೆ ಕೂತು ಆ ಟಗರನ್ನು ನೋಡುತ್ತಿದ್ದ. ತಂಗಿ, ಅಕ್ಕ, ರಾಜ ಯಾರೂ ಅವನಿಗೆ ಬೇಕಿರಲಿಲ್ಲ.

ಒಂದು ದಿನ ಕೇಳಿದ, “ಯವ್ವಾ, ಇದು ಮೇಯೂದು ಯಾವಾಗ?”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹೌದಲ್ಲ! ಆ ಟಗರು ಎಷ್ಟು ದ್ವೀಪ ದಾಟಿದೆ, ಎಷ್ಟು ಬೆಟ್ಟ ಹತ್ತಿದೆ, ಒಂದು ಎಲೆಗೆ ಬಾಯಿ ಹಾಕಿದ್ದನ್ನು ನಾವ್ಯಾರೂ ನೋಡಿರಲಿಲ್ಲ.

“ಟಗರಿಗೆ ತನ್ನದೊಂದು ಸ್ವಭಾವ ಇರ್ತದವ್ವಾ,” ಅಂದ ಅಜ್ಜ. “ಹಸದ್ರ ದೇವರು ಕರದ್ರೂ ಬರಂಗಿಲ್ಲ. ಸಿಟ್ಟು ಬಂದ್ರ ಸಾಕಿದವನ್ನೂ ಗುದ್ದತದ. ಇದು ಆ ಹುಡುಗಿ ಹೇಳಿದ್ದಕ್ಕೆಲ್ಲ ತಲಿ ಅಲ್ಲಾಡಿಸ್ತದ. ಇದು ಟಗರಲ್ಲ, ಮನಿ ಅಳಿಯ.”

ಅಂದಿನಿಂದ ನಮಗೆ ಅಕ್ಕ ಸಿಗುವುದಕ್ಕಿಂತ ಟಗರು ಮೇಯುವುದೇ ದೊಡ್ಡ ಚಿಂತೆಯಾಯಿತು. ಕೊನೆಗೊಂದು ದಿನ ತಂಗಿ ನಿದ್ದೆ ಹೋದಾಗ ಅದು ಮೆಲ್ಲಗೆ ಕತ್ತು ಚಾಚಿ ಏನನ್ನೋ ಕಚ್ಚಿ ತಿಂದಿತು. ಅಜ್ಜ ಆಗಷ್ಟೇ ಬುತ್ತಿ ಹಿಡಿದು ಹೊರಟಿದ್ದ. ಗೆಳತಿ ಹಿಟ್ಟು ಮೆತ್ತಿದ ಕೈಯಲ್ಲೇ ರಸ್ತೆಗೆ ಓಡಿದಳು.

“ಯಜ್ಜಾ! ಮೇಯ್ತು! ಮೇಯ್ತು!”

ಅಜ್ಜ ನಿಂತ. ಅಜ್ಜ ನಿಂತದ್ದಕ್ಕೆ ಕುರಿಗಳೆಲ್ಲ ನಡುರಸ್ತೆಯಲ್ಲಿ ನಿಂತವು. ಎರಡೂ ಕಡೆ ಆಟೋ, ಟ್ರ್ಯಾಕ್ಟರ್, ಬಸ್ಸು ನಿಂತು ಬೊಬ್ಬೆ ಹಾಕತೊಡಗಿದವು. ಅಜ್ಜನಿಗೆ ಅದಾವುದರ ಪರಿವೆ ಇಲ್ಲ.

“ಏನ್ ಮೇಯ್ತು?”

“ಕೆಂಪು ಹೂವು!”

“ಹೂವಾ?” ಅಜ್ಜ ಹಣೆ ಬಡಿದುಕೊಂಡ. “ಖಾಲಿ ಹೊಟ್ಟಿಗಿ ಹೂವು ಕೊಡ್ತಾರೇನವ್ವಾ? ನಾಳಿಗಿ ನೋಡ್ರಿ, ಉಚ್ಚಿಕೊಂತದ!”

ಬುದ್ಧಿಯ ರಿಪೇರಿ

ತಂಗಿ ಶಾಣ್ಯಾ ಹುಡುಗಿ. ಉಸುಕಿನ ರಾಜ ಯಾವ ವೇಷದಲ್ಲಿ ಬಂದರೂ ಅವನ ಕಾಲಡಿಯ ಉಸುಕು ನೋಡಿ ಗುರುತು ಹಿಡಿಯುತ್ತಿದ್ದಳು. ಅಂಥವಳು ಒಂದು ದಿನ, ಅವನು ಬಿಳಿ ಗಡ್ಡ ಕಟ್ಟಿಕೊಂಡು ಬಂದು “ಮಗಳೇ” ಅಂದ ಕೂಡಲೇ ನಂಬಿ, ತನ್ನ ದೋಣಿಯನ್ನೇ ಅವನ ಕೈಗೆ ಕೊಟ್ಟುಬಿಟ್ಟಳು. ಕಾಲಡಿಯಲ್ಲಿ ಉಸುಕು ಸುರಿಯುತ್ತಿದೆ! ನಮಗೆ ಕಾಣುತ್ತಿದೆ, ಅವಳಿಗೆ ಕಾಣುವುದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಬರೆಯುವವರಿಗೆ ಕಥೆ ಮುಂದಕ್ಕೆ ಹೋಗದಿದ್ದರೆ ಅವರು ತಮ್ಮ ಬುದ್ಧಿ ಖರ್ಚು ಮಾಡಬೇಕು. ಅದನ್ನು ಬಿಟ್ಟು ಹುಡುಗಿಯ ಬುದ್ಧಿ ಕಿತ್ತುಕೊಳ್ಳುವುದೇ? ಒಬ್ಬ ಹೆಣ್ಣುಮಗಳು ಬುದ್ಧಿ ಸಂಪಾದಿಸಲು ಎಷ್ಟು ಕಷ್ಟಪಡುತ್ತಾಳೆ ಎಂದು ಅವರಿಗೇನು ಗೊತ್ತು?

ಗೆಳತಿ ನನ್ನಷ್ಟು ಮಾತಾಡಲಿಲ್ಲ. ಕೈ ತೊಳೆದು ಕೇಬಲ್‌ನವನಿಗೆ ಫೋನ್ ಹಚ್ಚಿದಳು.

“ಏನಾಗ್ಯದ್ರಿ ಅಕ್ಕಾರ? ಚಿತ್ರ ಬರವಲ್ದೇನು?”

“ಚಿತ್ರ ಚೊಲೊ ಬರಾಕತ್ತದ.”

“ಆವಾಜ್?”

“ಆವಾಜ್ ಭೀ ಚೊಲೊ ಅದ. ಹುಡುಗಿ ಬುದ್ಧಿ ಕೆಟ್ಟದ. ನಿನ್ನಿ ತನಾ ಸರಿ ಇದ್ಳು.”

ಅವನು ಏನು ತಿಳಿದುಕೊಂಡನೋ, ಯಾರ ಮನೆಯ ಹುಡುಗಿ ಎಂದುಕೊಂಡನೋ, ಏಣಿ ವೈರು ಸಮೇತ ಓಡಿ ಬಂದ. ಗೆಳತಿ ಅವನನ್ನು ಟಿವಿಯ ಮುಂದೆ ಕೂಡಿಸಿದಳು. ಬಿಸಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟಳು. ಅವನು ತಿನ್ನುತ್ತಾ, ತಂಗಿ ಆ ಗಡ್ಡದವನ ಕಾಲಿಗೆ ಬೀಳುವುದನ್ನೂ, ಗಡ್ಡದವನು ಓರೆಗಣ್ಣಲ್ಲಿ ನಗುವುದನ್ನೂ ಪೂರ್ತಿ ನೋಡಿದ. ಎದ್ದು ಕೈ ಒರೆಸಿಕೊಂಡು, ತನ್ನ ಕೆಲಸದ ಗಾಂಭೀರ್ಯದಲ್ಲಿ ಹೇಳಿದ:

“ಅಕ್ಕಾರ, ಇದು ನಮ್ಮ ಕಡಿಂದ ಆಗಿದ್ದಲ್ರಿ. ಮ್ಯಾಲಿಂದನ ಹಂಗ ಬರಾಕತ್ತದ.”

ಹಂಚಿನ ಆಣೆ

ಕಥೆ ಇನ್ನೇನು ಮುಗಿಯಬೇಕು. ತಂಗಿ ಕೊನೆಯ ದ್ವೀಪದ ಕೊನೆಯ ಮನೆಯ ಮುಂದೆ ನಿಂತಿದ್ದಾಳೆ. ಬಾಗಿಲ ಆಚೆ ಗೆಜ್ಜೆಯ ಸದ್ದು. ಅಲ್ಲಿಗೆ ಆ ದಿನದ್ದು ಮುಗಿಯಿತು.

ಮರುದಿನ ಬೆಳಿಗ್ಗೆ ಗೆಳತಿ ಗಂಟು ಕಟ್ಟಿಕೊಂಡು ಅಂಗಡಿಗೆ ಬಂದಳು. ಪುಣೆಯಲ್ಲಿ ದೊಡ್ಡ ಕಟ್ಟಡದ ಕೆಲಸ ಶುರುವಾಗಿತ್ತು. ಅವಳ ಗಂಡನಿಗೆ ಅಲ್ಲಿ ಕೆಲಸ, ಇವಳಿಗೆ ಕೂಲಿಯವರ ಅಡುಗೆ. ಕರೆ ಹಿಂದಿನ ಸಂಜೆ ಬಂದಿತ್ತಂತೆ, ಬಸ್ಸು ಈಗಲೇ ಅಂತೆ.

“ಮಳಿಗಾಲಕ್ಕ ಬಂದುಬಿಡ್ತೀನಿ,” ಅಂದಳು. “ಆ ಬಾಗಲಾ ತಗಿಯೂದು ಕೂಡೇ ನೋಡೂನು. ನೀ ಒಬ್ಬಾಕಿ ನೋಡಬ್ಯಾಡ. ನಾನೂ ನೋಡಂಗಿಲ್ಲ. ಹಂಚು ಮುಟ್ಟಿ ಹೇಳು.”

ಅನ್ನ ಕೊಡುವ ಹಂಚು, ಅದರ ಮೇಲೆ ಆಣೆ ಮಾಡಿದರೆ ದೇವರ ಮೇಲೆ ಮಾಡಿದ ಹಾಗೆ. ಇಬ್ಬರೂ ಒಟ್ಟಿಗೇ ಕೈ ಇಟ್ಟೆವು. ಒಲೆ ಹೊತ್ತಿದ್ದು ಇಬ್ಬರಿಗೂ ನೆನಪಿರಲಿಲ್ಲ. ಒಟ್ಟಿಗೇ ಚೀರಿ, ಒಟ್ಟಿಗೇ ಕೈ ತೆಗೆದು ಹಿಟ್ಟಿನ ನೀರಿನಲ್ಲಿ ಅದ್ದಿದೆವು.

ಅಷ್ಟರಲ್ಲಿ ನಮ್ಮ ಕಂಡಕ್ಟರ್ ಸೀಟಿ ಹೊಡೆದ. ಅವಳು ಓಡಿದಳು. ನನ್ನ ಕೈತುಂಬ ಹಿಟ್ಟು, ಅವಳನ್ನು ಮುಟ್ಟಲೂ ಆಗಲಿಲ್ಲ. ಬಸ್ಸು ತಿರುವು ದಾಟಿತು. ಅಂಥ ಅವಸರದ ಬೀಳ್ಕೊಡುಗೆಯನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ, ಪುಸ್ತಕ ಮುಚ್ಚಿ ಬೈಯುತ್ತಿದ್ದೆ.

ಅಂಗಡಿಯ ಉಳಿದಿಬ್ಬರಲ್ಲಿ ದೊಡ್ಡವಳು ಸಮಾಧಾನ ಹೇಳಿದಳು, “ಚಿಂತಿ ಮಾಡಬ್ಯಾಡ್ರಿ. ಆಕಿ ಮರತರೂ ಕೈಯಾಗಿನ ಸುಟ್ಟ ಬೊಬ್ಬಿ ನೆನಪು ಮಾಡ್ತದ.”

ಬೆನ್ನು ತೋರಿಸಿ ರೊಟ್ಟಿ

ಅಂದಿನಿಂದ ನಾಲ್ಕು ಗಂಟೆಗೆ ನಮ್ಮ ಟಿವಿ ಬಂದ್. ನನ್ನ ಅಂಗಡಿ, ನನ್ನ ಮಾತು. ಉಳಿದಿಬ್ಬರೂ ರಾತ್ರಿ ತಮ್ಮ ಮನೆಯಲ್ಲಿ ಮರುಪ್ರಸಾರ ಹಚ್ಚಿ ಕೊನೆಯ ಕಂತು ನೋಡಿ ಬಂದರು, ಬಾಯಿಗೆ ಸೆರಗು ಒತ್ತಿಕೊಂಡು ಕೂತರು. ಒಬ್ಬಳು ಸುಮ್ಮನೆ ನಿಟ್ಟುಸಿರು ಬಿಟ್ಟರೂ ನಾನು ಬೈಯುತ್ತಿದ್ದೆ: “ಉಸರಿನ್ಯಾಗ ಹೇಳಬ್ಯಾಡ!”

ಕಷ್ಟವಾದದ್ದು ಕಂಡಕ್ಟರನದು. ಮೊಬೈಲಿನಲ್ಲಿ ನೋಡಿ ಬಂದವನ ಕಣ್ಣು ಕೆಂಪಗಿತ್ತು. ಸರಿ, ಅಕ್ಕ ಸತ್ತಳು ಎಂದುಕೊಂಡೆ. ರಾತ್ರಿ ಊಟ ಸೇರಲಿಲ್ಲ. ಮರುದಿನ ಹಲ್ಲು ಕಿರಿಯುತ್ತ ಬಂದ. ಹಾಗಾದರೆ ಬದುಕಿದ್ದಾಳೆ! ಅದರ ಮರುದಿನ ಮುಖ ಊದಿಸಿಕೊಂಡು ಬಂದ, ಅಕ್ಕ ಮತ್ತೆ ಸತ್ತಳು. ಹೀಗೆ ಅವನ ಹಲ್ಲುನೋವಿಗೊಮ್ಮೆ, ಅವನ ಹೆಂಡತಿ ತವರಿಗೆ ಹೋದದ್ದಕ್ಕೊಮ್ಮೆ ನಾನು ಆ ಅಕ್ಕನನ್ನು ಸಾಯಿಸಿ ಬದುಕಿಸಿ ಸುಸ್ತಾದೆ. ಕೊನೆಗೆ ಅಪ್ಪಣೆ ಮಾಡಿದೆ: “ತಮ್ಮಾ, ನಿನ್ನ ಮಾರಿ ನನಗ ತೋರಿಸಬ್ಯಾಡ. ಕಿಟಕಿಗಿ ಬೆನ್ನು ಮಾಡಿ ನಿಂದ್ರು, ಕೈ ಹಿಂದ ಚಾಚು, ಗಂಟು ಕೊಡ್ತೀನಿ.”

ಅವನು ಪಾಪ, ಹಾಗೆಯೇ ಮಾಡಿದ. ದಿನಾ ಬರುವುದು, ಬೆನ್ನು ತಿರುಗಿಸುವುದು, ಕೈ ಹಿಂದೆ ಚಾಚುವುದು, ಗಂಟು ಹಿಡಿದು ತಿರುಗಿ ನೋಡದೆ ಹೋಗುವುದು.

ಭಾನುವಾರ ಗೆಳತಿ ಫೋನ್ ಮಾಡುತ್ತಿದ್ದಳು.

“ನೋಡಿದೇನು?”

“ಇಲ್ಲ. ನೀ?”

“ಇಲ್ಲವಾ.” ಅಲ್ಲಿನ ಗಾಡಿಗಳ ಸದ್ದಿನ ನಡುವೆ ಮತ್ತೆ ಕೇಳಿದಳು, “ನನ್ನ ಜಾಗಾದಾಗ ಯಾರ ಕೂಡ್ತಾರ?”

“ಹಿಟ್ಟಿನ ಡಬ್ಬಿ ಇಟ್ಟೀನಿ.”

“ಚೊಲೊ ಬಡೀತದೇನು?”

“ನಿನಗಿಂತ ಚೊಲೊ. ಬಾಯಿ ಮಾಡಂಗಿಲ್ಲ.”

ಹೀಗೆ ನಕ್ಕು ಫೋನ್ ಇಡುತ್ತಿದ್ದಳು. ಇಟ್ಟ ಮೇಲೆ ನಾನು ಆ ಡಬ್ಬಿಯನ್ನು ಸುಮ್ಮನೆ ಒರೆಸುತ್ತಿದ್ದೆ. ಮಳೆಗಾಲ ಬಂತು, ಅವಳು ಬರಲಿಲ್ಲ. ಇನ್ನೊಂದು ಮಳೆಗಾಲ ಬಂತು. ಕಟ್ಟಡ ಮುಗಿದಿಲ್ಲವಂತೆ. ಮನುಷ್ಯರು ಕಟ್ಟುವ ಕಟ್ಟಡಕ್ಕಿಂತ ಆ ಉಸುಕಿನ ರಾಜನ ಭಾಷಣವೇ ಬೇಗ ಮುಗಿದಿತ್ತು.

ಒಂದು ದಿನ ಕಿಟಕಿಯಲ್ಲಿ ಗುರುತಿಲ್ಲದ ಬೆನ್ನೊಂದು ಕಾಣಿಸಿತು. ಬಗ್ಗಿ ನೋಡಿದರೆ ಹುಣಸಗಿಯ ಕಡೆಯ ಮುದುಕಿ, ಕಣ್ಣು ಮುಚ್ಚಿ, ಕೈ ಹಿಂದೆ ಚಾಚಿ ನಿಂತಿದ್ದಾಳೆ. ಅವಳ ಹಿಂದೆ ಇನ್ನಿಬ್ಬರು ಹೆಂಗಸರು, ಅವರೂ ಬೆನ್ನು ತಿರುಗಿಸಿ.

“ಯಾಕಬೇ ಆಯಿ, ಹಿಂಗ ನಿಂತೀ?”

“ಆ ಕಂಡಕ್ಟರ್ ದಿನಾ ಹಿಂಗ ತಗೋತಾನಂತ,” ಅಂದಳು ಮುದುಕಿ. “ಇಲ್ಲಿ ಬೆನ್ನು ಮಾಡಿ ತಗೊಂಡ್ರ ಬೇಡಿದ್ದು ಸಿಗ್ತದಂತಲ್ಲ?”

ಬಾಗಿಲು ತೆರೆಯಿತು

ಮುದುಕಿಗೆ ಬೇಡಿದ್ದು ಸಿಕ್ಕಿತೋ ಗೊತ್ತಿಲ್ಲ. ನನಗೆ ಸಿಕ್ಕಿತು. ಕೆಂಭಾವಿಯಲ್ಲಿ ತಮ್ಮನ ಮಗಳ ಮದುವೆ ಮುಗಿಸಿಕೊಂಡು ಗೆಳತಿ ಬಂದಳು. ಸಂಜೆಯ ಸುರಪುರ ಬಸ್ಸಿಗೆ ಹೋಗಬೇಕು, ಅಲ್ಲಿಂದ ಪುಣೆ ಬಸ್ಸು. ನಡುವೆ ಇದ್ದದ್ದು ಅರ್ಧ ದಿನ.

ಬಂದವಳೇ ಹಿಟ್ಟಿನ ಡಬ್ಬಿಯನ್ನು ಕಾಲಿನಿಂದ ಸರಿಸಿ ತನ್ನ ಜಾಗದಲ್ಲಿ ಕೂತಳು. “ಹಚ್ಚು,” ಅಂದಳು.

ಒಲೆ ಆರಿಸಿದೆ. ಬಾಗಿಲು ಹಾಕಿದೆ. ನನ್ನ ಮೊಬೈಲನ್ನು ಅದೇ ಡಬ್ಬಿಗೆ ಆನಿಸಿ ಇಟ್ಟೆವು. ಕೊನೆಯ ಮನೆ, ಗೆಜ್ಜೆಯ ಸದ್ದು. ತಂಗಿ ಕದ ತಟ್ಟುತ್ತಾಳೆ, ಯಾರೂ ತೆರೆಯುವುದಿಲ್ಲ. “ಅಕ್ಕಾ, ನಾನು ಬಂದಿದ್ದೇನೆ,” ಅನ್ನುತ್ತಾಳೆ. ನಾನು ಪರದೆಯ ಹತ್ತಿರಕ್ಕೆ ಬಾಗಿದೆ. ಪಕ್ಕದಲ್ಲಿ ಸೊರ್ ಎಂದು ಮೂಗು ಸೇದುವ ಸದ್ದು. ತಿರುಗಿ ನೋಡಿದರೆ ಇವಳ ಕಣ್ಣಲ್ಲಿ ಧಾರೆ.

ನಾನು ಚಿತ್ರ ನಿಲ್ಲಿಸಿದೆ. “ಇನ್ನೂ ಬಾಗಲಾನ ತಗದಿಲ್ಲ. ನೀ ಯಾಕ ಅಳಾಕತ್ತೀ?”

“ಹೊಗಿ.”

“ಒಲಿ ಆರಿಸೀನಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನೋಡೀನವಾ. ಭಾಳ ಸಲ ನೋಡೀನಿ. ಅಲ್ಲಿ ಸಂಜಿ ಆತಂದ್ರ ನಮ್ಮ ಮಾತು ಆಡೂವರು ಒಬ್ಬರೂ ಇರಂಗಿಲ್ಲ. ಇದನ್ನ ಹಚ್ಚಿದ್ರ ನೀ ಮಗ್ಗಲಾಗ ಕುಂತು ಬೈಯಾಕತ್ತಂಗ ಅನಸ್ತದ. ಅದಕ್ಕ ನೋಡೀನಿ.”

ಆದರೂ ಬಿಡುವವಳಲ್ಲ ನಾನು. “ಹಂಗಾರ ಹಂಚಿನ ಮ್ಯಾಲಿನ ಆಣಿ?”

“ಆ ಆಣಿ ಈ ಒಲಿಗಿ. ಅಲ್ಲಿ ಗ್ಯಾಸ್ ಅದ.”

ಮತ್ತೆ ಹಚ್ಚಿದೆ. ಬಾಗಿಲು ತೆರೆಯಿತು. ಅಕ್ಕ ನಿಂತಿದ್ದಳು! ತಂಗಿ ಓಡಿದಳು, ಇಬ್ಬರೂ ತಬ್ಬಿಕೊಂಡರು. ಮರುಕ್ಷಣ ಪರದೆಯ ತುಂಬ ಹೆಸರುಗಳು ಮೇಲಕ್ಕೆ ಹೋಗತೊಡಗಿದವು.

“ಮುಂದ?” ಅಂದೆ.

“ಮುಂದ ಏನೂ ಇಲ್ಲ. ಮುಗೀತು.”

“ಇಷ್ಟನ?” ನಾನು ಎದ್ದು ನಿಂತೆ. ರೊಟ್ಟಿಯ ಒಂದು ಮಗ್ಗುಲೂ ಬೇಯುವಷ್ಟು ಹೊತ್ತಾಗಿರಲಿಲ್ಲ. “ಕಡಿಯಾಕ ಬಂದವಗ ದಿನಗಟ್ಟಲೆ ಮಾತಾಡಾಕ ಬಿಟ್ಟಾರ, ಈ ಅಕ್ಕಗ ಒಂದು ಮಾತು ಕೊಟ್ಟಿಲ್ಲ? ಅಷ್ಟು ದೂರದಿಂದ ಬಂದಾಳ, ಉಂಡೀಯೇನು ಅನಬಾರದಾ? ಯಾಕ ಇಷ್ಟು ಸೊರಗೀ ಅಂತ ಕೇಳಬಾರದಾ? ಇಂಥವರನ್ನ...”

ಗೆಳತಿ ನನ್ನನ್ನೇ ನೋಡುತ್ತಿದ್ದಳು. ಅವಳ ಕೆನ್ನೆಗಳು ಒಳಗೆ ಹೋಗಿದ್ದವು. ಬೆಳಿಗ್ಗೆ ಬಂದವಳಿಗೆ ಇಲ್ಲಿಯ ತನಕ ನಾನೂ ಕೇಳಿರಲಿಲ್ಲ.

ಕೂತೆ. “ಉಂಡೀಯೇನು?” ಅಂದೆ.

“ಇಲ್ಲ,” ಅಂದಳು.

“ಯಾಕ ಇಷ್ಟು ಸೊರಗೀ?”

“ಈಗ ಕಥಿ ಸರಿ ಆತು ನೋಡು,” ಅಂದು ನಕ್ಕಳು.

ಒಲೆ ಮತ್ತೆ ಹೊತ್ತಿಸಿದೆ. ಅವಳು ಬಡಿದದ್ದನ್ನು ನಾನು ಬೇಯಿಸಿ, ನಾನು ಬಡಿದದ್ದನ್ನು ಅವಳು ಬೇಯಿಸಿ, ಇಬ್ಬರೂ ಉಂಡೆವು. ಉಳಿದದ್ದು ಬುತ್ತಿಗೆ ಕಟ್ಟಿದೆ. ಸಂಜೆಯ ಹೊತ್ತಿಗೆ ಬಸ್ಸು ಬಂದು ನಿಂತಿತು.

ಈ ಸಲ ನಾನು ಕೈ ತೊಳೆದುಕೊಂಡೇ ಹೋಗಿದ್ದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ, ಅಡಿಕೆ, ಹಸಿರು ಕುಬಸದ ಖಣ, ಎಲ್ಲ ತಟ್ಟೆಯಲ್ಲಿತ್ತು. ಉಡಿ ತುಂಬದೆ ಅವಳನ್ನು ಕಳಿಸುವುದಿಲ್ಲ ಎಂದು ತೀರ್ಮಾನಿಸಿದ್ದೆ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಸೆರಗು ಒಡ್ಡಿದಳು. ನಾನು ನಿಧಾನವಾಗಿ ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ. ಅದು ಸ್ವಲ್ಪ ಸೊಟ್ಟಗಾಯಿತು, ಒರೆಸಿ ಮತ್ತೆ ಇಟ್ಟೆ. ಖಣ ಇಟ್ಟೆ, ಕೊಬ್ಬರಿ ಇಟ್ಟೆ. ಹಾಕಬೇಕಾದ ಐದು ಹಿಡಿ ಅಕ್ಕಿಯಲ್ಲಿ ಒಂದು ಹಿಡಿ ಹಾಕಿ ನಿಂತೆ. ಅವಳು ಅತ್ತಳು, ನಾನು ಅತ್ತೆ. ಆಮೇಲೆ ಇಬ್ಬರೂ ಮೂಗು ಒರೆಸಿಕೊಂಡೆವು.

ಕಂಡಕ್ಟರ್ ಒಂದು ಸೀಟಿ ಹೊಡೆದ, ಇನ್ನೊಂದು ಹೊಡೆದ, ಮೂರನೆಯದಕ್ಕೆ ಅವನ ಉಸಿರು ತೀರಿತು.

“ಯಕ್ಕಾ, ಎಷ್ಟ್ ಎಳೀತೀರಿ! ನಿಮಗಿಂತ ಆ ಉಸುಕಿನ ರಾಜನ ಚೊಲೊ ಇದ್ದ!”

“ನಿಂದ್ರೋ ತಮ್ಮಾ,” ಅಂದೆ. “ಜಗಳ ಆಗಿದ್ರ ಯಾವಾಗೋ ಮುಗಸ್ತಿದ್ವಿ.”

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಂಡಕ್ಟರನನ್ನು ಕೇಳಿದ, “ಇನ್ನೂ ನಡದದೇನು?”

“ಇನ್ನೂ ಒಂದನೇ ಹಿಡೀನ ಅದರಿ.”

ಡ್ರೈವರ್ ಇಂಜಿನ್ ಬಂದ್ ಮಾಡಿ ಕೆಳಗಿಳಿದ. “ಹಂಗಾರ ನಾ ಚಾ ಕುಡದು ಬರ್ತೀನಿ,” ಅಂದ.

ನಾನು ಎರಡನೆಯ ಹಿಡಿಗೆ ಕೈ ಹಾಕಿದೆ.